ಹಳದಿಯಾಗಬೇಕಿದ್ದ ಪಟ್ಟಿ

ಮಸಿಯಕ್ಕ ಎಷ್ಟು ತಿಕ್ಕಿ ತೊಳೆದರೂ ಉಗುರಿನ ಸಂದಿಯ ಕಪ್ಪು ಹೋಗುತ್ತಿರಲಿಲ್ಲ. ಮದುವೆ ಮನೆಗೆ ಹೋದರೆ ಕೈಗಳನ್ನು ಚೀಲದ ಕೆಳಗೆ ಅಡಗಿಸಿ ಕೂರುತ್ತಿದ್ದಳು. ಅದು ಇದ್ದಿಲ ಪುಡಿಯ ಕಪ್ಪು. ಯಾರೋ ತಮಾಷೆಗೆ ಇಟ್ಟ ಹೆಸರು ನಿಂತುಬಿಟ್ಟು, ಈಗ ಅಂಚೆಯವನೂ ಮಸಿಯಕ್ಕ ಎಂದೇ ಬಾಗಿಲು ಬಡಿಯುತ್ತಿದ್ದ.

ಆ ಇದ್ದಿಲ ಪುಡಿಯೊಳಗೆ ಅವಳು ಸಾಕುತ್ತಿದ್ದದ್ದು ಕಣ್ಣಿಗೆ ಕಾಣದ ಜೀವಾಣುಗಳನ್ನು. ಮುಚ್ಚಿಹೋಗಿದ್ದ ಬೇಕರಿಯ ಹಿಂದಿನ ಎರಡು ಕೋಣೆಗಳೇ ಅವಳ ಕಾರ್ಖಾನೆ. ಮೊದಲು ಹಿಟ್ಟು ನಾದುತ್ತಿದ್ದ ಕಲ್ಲಿನ ಮೇಜಿನ ಮೇಲೆ ಈಗ ಪ್ಯಾಕೆಟ್ ತುಂಬುವ ಕೆಲಸ. ಮೂಲೆಯಲ್ಲಿ, ಎಲ್ಲವನ್ನೂ ಬೇಯಿಸಿ ಶುದ್ಧ ಮಾಡುವ ಒಂದು ದೊಡ್ಡ ಹಬೆಪಾತ್ರೆ. ಅದರ ಪಕ್ಕ, ಗಾಜಿನ ಬಾಟಲಿಗಳನ್ನು ತೊಟ್ಟಿಲಿನ ಹಾಗೆ ತೂಗುತ್ತ ಗೊರಗೊರ ಅನ್ನುವ ಹಳೆಯ ಯಂತ್ರ. ಜೀವಾಣುಗಳಿಗೆ ಉಣಲೆಂದು ಬಾಟಲಿಗೆ ತುಂಬಿದ ತಿಳಿಸಾರು ಕದಡಿ ಬೆಳ್ಳಗಾದರೆ ಜೀವಾಣು ಬೆಳೆದಿದೆ ಎಂದರ್ಥ. ಆಮೇಲೆ ಅದನ್ನು ಇದ್ದಿಲ ಪುಡಿಗೆ ಕಲಸಿ, ಪ್ಯಾಕೆಟ್ ಮಾಡಿ, ತಂಪಿನಲ್ಲಿ ಇಡಬೇಕು. ಮೊದಲು ಕೆಲಸಕ್ಕಿದ್ದ ಕಂಪನಿಯಲ್ಲಿ ಇದನ್ನೆಲ್ಲ ಕಲಿತಿದ್ದಳು. ಕಂಪನಿ ಮುಚ್ಚಿದರೂ ಅವಳು ಈ ಕೆಲಸ ಬಿಡಲಿಲ್ಲ.

ಬಿತ್ತುವ ಮುಂಚೆ ಸೋಯಾ ಬೀಜಕ್ಕೆ ಸಕ್ಕರೆ ನೀರು ಸವರಿ, ಈ ಪುಡಿ ಹಚ್ಚಿ, ನೆರಳಲ್ಲಿ ಆರಿಸಬೇಕು. ಅಷ್ಟೇ. ಜೀವಾಣುಗಳು ಎಳೆ ಬೇರಿನೊಳಗೆ ಹೊಕ್ಕು, ಪುಟ್ಟ ಪುಟ್ಟ ಗಂಟು ಕಟ್ಟಿಕೊಂಡು ಸಂಸಾರ ಹೂಡುತ್ತವೆ. ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗಿಡಕ್ಕೆ ಉಣಿಸುತ್ತವೆ. ಗಿಡ ಮನೆ ಬಾಡಿಗೆಯ ಹಾಗೆ ಅವಕ್ಕೆ ಒಂದಿಷ್ಟು ಸಕ್ಕರೆ ಕೊಡುತ್ತದೆ. ಯೂರಿಯಾದ ಹಂಗೇ ಇಲ್ಲ. ಊರಾಚೆ ಎಣ್ಣೆ ಗಿರಣಿ ಬಂದಮೇಲೆ ಎಲ್ಲರೂ ಸೋಯಾ ಹಾಕಲು ಹೊರಟಿದ್ದರು. ಆದರೆ ಈ ಕಡೆಯ ನೆಲ ಸೋಯಾದ ಮುಖವನ್ನೇ ಕಂಡಿರಲಿಲ್ಲ; ಅದಕ್ಕೆ ಬೇಕಾದ ಜೀವಾಣು ಮಣ್ಣಿನಲ್ಲಿ ಇರಲೇ ಇಲ್ಲ. ಹೊರಗಿಂದ ಕೊಡದಿದ್ದರೆ ಗಿಡ ಹಳದಿ ತಿರುಗುವುದು ಖಂಡಿತ.

ಇಷ್ಟು ಹೇಳಿದರೆ ಸಾಕಲ್ಲ, ಜನ ಅರ್ಥ ಮಾಡಿಕೊಳ್ಳುತ್ತಾರೆ ಅಂದುಕೊಂಡಿದ್ದಳು. ಒಬ್ಬ ಪ್ಯಾಕೆಟ್ಟನ್ನು ತಗಡಿನ ಸೂರಿನ ಮೇಲೆ ಇಟ್ಟ, ಬೂಷ್ಟು ಹಿಡಿಯದಿರಲಿ ಅಂತ. ಬೀಜದಂಗಡಿಯವನು ಬಿಸಿಲು ಬೀಳುವ ಗಾಜಿನ ಕಿಟಕಿಯಲ್ಲಿ ಗೋಪುರದ ಹಾಗೆ ಜೋಡಿಸಿ, "ನೋಡಕ್ಕ, ಎಷ್ಟು ಲಕ್ಷಣವಾಗಿ ಇಟ್ಟಿದ್ದೀನಿ" ಅಂದ. ಇನ್ನೊಬ್ಬ ಬೀಜಕ್ಕೆ ಹಚ್ಚುವ ವಿಷದ ಜೊತೆಗೇ ಕಲಸಿದ, ಒಂದೇ ಏಟಿಗೆ ಎರಡೂ ಕೆಲಸ ಆಗಲಿ ಅಂತ.

"ಇವು ಜೀವ ಇರೋವು, ಅಪ್ಪ! ಬಿಸಿಲಿಗಿಟ್ರೆ ಸಾಯ್ತವೆ, ವಿಷ ಹಾಕಿದ್ರೆ ಸಾಯ್ತವೆ!" ಎಂದು ಗಂಟಲು ಹರಿದುಕೊಂಡರೆ, "ಅಯ್ಯೋ, ಅಷ್ಟು ನಾಜೂಕಾದ್ರೆ ನಮ್ಮ ನೆಲದಲ್ಲಿ ಏನು ಬದುಕ್ತವೆ ಬಿಡಕ್ಕ" ಅನ್ನುತ್ತಿದ್ದರು. ಬೆಳೆ ಏಳದಿದ್ದರೆ ಮಾತ್ರ ತಪ್ಪು ಅವಳದು. ಮಸಿಯಕ್ಕನ ಪುಡಿ ಬರೀ ಮಸಿ ಎಂದು ಬಸ್ ನಿಲ್ದಾಣದಲ್ಲಿ ಆಡಿಕೊಂಡದ್ದು ಅವಳ ಕಿವಿಗೂ ಬಿದ್ದಿತ್ತು.

ಕೊನೆಗೆ ಬೆಳೆಗಾರರ ಸೊಸೈಟಿಯ ಅಧ್ಯಕ್ಷರು ಒಂದು ದಾರಿ ಹೇಳಿದರು. "ಮಾತು ಬೇಡ ಮಸಿಯಕ್ಕ. ರಸ್ತೆ ಪಕ್ಕದ ಒಂದು ಹೊಲದಲ್ಲಿ ಎರಡು ಪಟ್ಟಿ ಮಾಡು. ಒಂದಕ್ಕೆ ನಿನ್ನ ಪುಡಿ ಹಚ್ಚಿದ ಬೀಜ, ಒಂದಕ್ಕೆ ಬರೀ ಬೀಜ. ಗಿಡ ಹೂವಿಗೆ ಬಂದಾಗ ನಾವು ಕಮಿಟಿಯವರು ಬಂದು ನೋಡ್ತೀವಿ. ಫರಕು ಕಂಡ್ರೆ ಮುಂದಿನ ಬಿತ್ತನೆಗೆ ಎಲ್ಲಾ ಸದಸ್ಯರಿಗೂ ನಿನ್ನ ಪುಡೀನೇ. ಕಾಣ್ಲಿಲ್ವೋ, ಆಮೇಲೆ ನನ್ನ ಹತ್ರ ಬರಬೇಡ."

ಕಾಣದಿದ್ದರೆ ಏನು ಎಂಬುದು ಬೇಕರಿಯ ಬಾಗಿಲಲ್ಲೇ ಒರಗಿ ನಿಂತಿತ್ತು. ಒಂದು ದೊಡ್ಡ ಲಾರಿ ಟೈರು. ಕಟ್ಟಡದ ಮಾಲೀಕನ ಅಳಿಯನಿಗೆ ಅಲ್ಲಿ ಟೈರಂಗಡಿ ಇಡುವ ಆಸೆ. "ನೀವೇನೂ ಅವಸರ ಮಾಡ್ಕೋಬೇಡಿ" ಅನ್ನುತ್ತಲೇ, ಬಸ್ಸಿನ ಸೀಟಿಗೆ ಕರವಸ್ತ್ರ ಹಾಕುವವರ ಹಾಗೆ, ಟೈರು ಇಟ್ಟುಹೋಗಿದ್ದ. ದಿನಾ ಬೆಳಗ್ಗೆ ಅದನ್ನು ಪಕ್ಕಕ್ಕೆ ಉರುಳಿಸಿಯೇ ಅವಳು ಬೀಗ ತೆಗೆಯಬೇಕಿತ್ತು.

ಪಟ್ಟಿ ಮಾಡಲು ಅಣ್ಣನ ಹೊಲವನ್ನು ಆರಿಸಿಕೊಂಡಳು. ಅದು ರಸ್ತೆಗೆ ಅಂಟಿಕೊಂಡೇ ಇತ್ತು, ಚಪ್ಪಟೆಯಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಅಣ್ಣ ಎಂದರೆ ತಕ್ಕಡಿ. ಚಿಕ್ಕಂದಿನಲ್ಲಿ ಬಿಸ್ಕತ್ತು ಮುರಿದರೆ ಎರಡೂ ತುಂಡನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. ದೊಡ್ಡದೆಂದು ಕಂಡದ್ದರ ಅಂಚನ್ನು ಚೂರೇ ಚೂರು ಕಚ್ಚಿ, ಸಮ ಮಾಡಿ, ಆಮೇಲೆ ತಂಗಿಗೆ "ಯಾವುದು ಬೇಕೋ ತಗೋ" ಅನ್ನುತ್ತಿದ್ದ. ಈಗಲೂ ನೀರು ಹಂಚಿಕೊಳ್ಳುವ ಜಗಳಕ್ಕೆ ಊರಿನವರು ಅವನನ್ನೇ ಕರೆಯುತ್ತಿದ್ದರು. ಇಂಥವನ ಹೊಲದಲ್ಲಿ ಒಂದು ಪಟ್ಟಿಗೆ ಹೆಚ್ಚು ಒಂದಕ್ಕೆ ಕಮ್ಮಿ ಆಗುವ ಮಾತೇ ಇಲ್ಲ ಎಂದು ನೆಮ್ಮದಿಯಾಗಿದ್ದಳು.

ಎಲ್ಲವೂ ಅಂದುಕೊಂಡಂತೆಯೇ ನಡೆಯಿತು. ಗಿಡಗಳು ಮೊಣಕಾಲುದ್ದ ಆಗುವ ಹೊತ್ತಿಗೆ ಪುಡಿ ಹಚ್ಚಿದ ಪಟ್ಟಿ ಕಡುಹಸಿರಾಗಿ ನಿಂತಿತು, ಬರೀ ಬೀಜದ ಪಟ್ಟಿ ನಿಂಬೆಹಣ್ಣಿನ ಸಿಪ್ಪೆಯ ಬಣ್ಣಕ್ಕೆ ತಿರುಗಿತು. ನಡುವೆ ಗೆರೆ ಎಳೆದ ಹಾಗಿತ್ತು. ಮಸಿಯಕ್ಕ ಬದುವಿನ ಮೇಲೆ ನಿಂತು ಆ ಹಳದಿಯನ್ನು ಕಣ್ತುಂಬ ನೋಡಿದಳು. ಕೂಡಲೇ ಅಧ್ಯಕ್ಷರಿಗೆ ಫೋನ್ ಮಾಡಿದಳು.

"ಬಂದೇ ಬಿಡ್ತೀವಿ ಮಸಿಯಕ್ಕ. ಈ ವಾರ ಗಿರಣಿಯವರ ಮೀಟಿಂಗು."

ಮುಂದಿನ ವಾರ ಅವರಿಗೆ ಮಂಡಿನೋವು. ಅದರ ಮುಂದಿನ ವಾರ ಕಮಿಟಿಯ ಇಬ್ಬರು ಊರಲ್ಲಿಲ್ಲ. ಅವಳು ಫೋನ್ ಇಟ್ಟು, ಕಲ್ಲಿನ ಮೇಜನ್ನು ಬಟ್ಟೆಯಿಂದ ಉಜ್ಜಿದ್ದೇ ಉಜ್ಜಿದ್ದು. ಕಾಯುವ ಕೆಲಸಕ್ಕಿಂತ ಉಜ್ಜುವ ಕೆಲಸ ವಾಸಿ.

ಕೊನೆಗೂ ಅಧ್ಯಕ್ಷರು "ನಾಳೆ ಬೆಳಗ್ಗೆ ಬರ್ತೀವಿ" ಎಂದ ದಿನವೇ, ಶಾಲೆಯ ಬಸ್ಸು ಓಡಿಸುವ ಅವಳ ಗಂಡ ಖುಷಿಯಾಗಿ ಮನೆಗೆ ಬಂದ. ಚಪ್ಪಲಿ ಬಿಡುತ್ತಲೇ ಶುರುಮಾಡಿದ.

"ಇವತ್ತು ಬದಲಿ ಡ್ಯೂಟಿ, ಆ ಕಡೆ ರೂಟಲ್ಲಿ ಹೋಗಿದ್ದೆ ಕಣೇ. ನಿಮ್ಮಣ್ಣನ ಹೊಲ ಏನು ಹಸಿರು ಅಂತೀಯ! ಕಣ್ಣು ತಂಪಾಯ್ತು."

"ಯಾವ ಕಡೇದು ರೀ?"

"ಯಾವ ಕಡೆ ಅಂದ್ರೆ? ಎರಡೂ ಕಡೆ! ಒಂದೇ ಸಮ, ಚಾಪೆ ಹಾಸಿದ ಹಾಗೆ. ಆ ಹಳದಿ ಪಟ್ಟಿ ಕಾಮಾಲೆ ಪೂರ್ತಿ ವಾಸಿಯಾಗಿದೆ."

ಹಿಟ್ಟು ಕಲಸುತ್ತಿದ್ದ ಅವಳ ಕೈ ಹಾಗೇ ನಿಂತಿತು.

"ಏನಾಯ್ತೇ? ನಾನು ಒಳ್ಳೇ ಸುದ್ದಿ ತಂದ್ರೆ ನೀನು ಸಾವಿನ ಮನೆ ಮುಖ ಮಾಡ್ತೀಯಲ್ಲ?"

"ಅದು ವಾಸಿಯಾಗಬಾರದಾಗಿತ್ತು ರೀ" ಎಂದವಳೇ ಕೈಗೆ ಮೆತ್ತಿದ ಹಿಟ್ಟನ್ನೂ ತೊಳೆಯದೆ ಹೊರಗೆ ಬಂದಳು. "ಬಸ್ಸಿನ ಬೀಗದಕೈ ಎಲ್ಲಿ? ನಡೀರಿ ಈಗಲೇ."

"ಶಾಲೆ ಬಸ್ಸಲ್ಲಿ ಹೆಂಡ್ತೀನ ಕೂರಿಸ್ಕೊಂಡು ಹೋದ್ರೆ ನನ್ನ ಕೆಲಸ ಹೋಗುತ್ತೆ, ಮಹರಾಯ್ತಿ. ಸೈಕಲ್ ತಗೊಂಡು ಹೋಗು."

ಹೊಲದ ಹತ್ತಿರ ಬರುವಾಗ ಇನ್ನೂ ಬೆಳಕಿತ್ತು. ಗಂಡ ಹೇಳಿದ್ದು ನಿಜ. ಗೆರೆ ಮಾಯವಾಗಿತ್ತು. ಎಡಗಡೆ, ಬಲಗಡೆ, ಎಲ್ಲಾ ಒಂದೇ ಹಸಿರು. ಮೊದಲು ಅವಳಿಗೆ ತನ್ನ ಮೇಲೆಯೇ ಅನುಮಾನ ಬಂತು. ಬಿತ್ತುವಾಗ ಬೀಜ ಬೆರೆತುಹೋಯಿತೇ? ಮಳೆಯ ನೀರು ಹರಿದು ಜೀವಾಣುಗಳು ಆಚೆ ಪಟ್ಟಿಗೂ ಹೋದವೇ? ಹಾಗಾದರೆ ಮೊದಲು ಹಳದಿಯಾದದ್ದು ಯಾಕೆ?

ಬದುವಿನಲ್ಲಿದ್ದ ಕುಡುಗೋಲನ್ನೇ ಎತ್ತಿಕೊಂಡು ಪುಡಿ ಹಚ್ಚಿದ ಪಟ್ಟಿಯ ಒಂದು ಗಿಡದ ಬುಡ ಸಡಿಲಿಸಿ, ಮಣ್ಣು ಸಮೇತ ಎತ್ತಿ, ಕಾಲುವೆಯ ನೀರಲ್ಲಿ ಅಲುಗಾಡಿಸಿದಳು. ಬೇರಿನ ತುಂಬ ಮಣಿ ಪೋಣಿಸಿದ ಹಾಗೆ ಗಂಟುಗಳು. ಒಂದನ್ನು ಉಗುರಿನಿಂದ ಸೀಳಿದರೆ ಒಳಗೆ ಚೆನ್ನಾದ ಕೆಂಪು. ಕೆಂಪಿದ್ದರೆ ಅವು ಕೆಲಸ ಮಾಡುತ್ತಿವೆ. ಆಚೆ ಪಟ್ಟಿಯ ಗಿಡ ಕಿತ್ತು ತೊಳೆದಳು. ಬೇರು ಬೋಳು. ಒಂದು ಗಂಟೂ ಇಲ್ಲ. ಇನ್ನೊಂದು ಕಿತ್ತಳು; ಅದೂ ಬೋಳು. ಬೇರಿನಲ್ಲಿ ಏನೂ ಇಲ್ಲದೆ ತಲೆಯ ಮೇಲೆ ಇಷ್ಟು ಹಸಿರು ಬರಬೇಕಾದರೆ ಅದು ಚೀಲದಿಂದ ಬಂದಿರಬೇಕು.

ಅಣ್ಣನ ಮನೆಯ ಅಂಗಳದಲ್ಲಿ, ಬಟ್ಟೆ ಒಣಗುವ ತಂತಿಯ ಮೇಲೆ, ತೊಳೆದ ಯೂರಿಯಾ ಚೀಲ ನೇತಾಡುತ್ತಿತ್ತು.

ಅಣ್ಣ ಜಗಲಿಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ತಂಗಿಯ ಕೈಯಲ್ಲಿದ್ದ ಗಿಡಗಳನ್ನು ಕಂಡು ಹೊಸೆಯುವುದನ್ನು ನಿಲ್ಲಿಸಿದ.

"ಯಾಕೆ ಪುಟ್ಟಿ, ಗಿಡ ಕಿತ್ತೆ?"

"ಯೂರಿಯಾ ಹಾಕಿದ್ಯಾ ಅಣ್ಣ?"

ಅವನು ಸುಳ್ಳು ಹೇಳುವವನಲ್ಲ. "ನಿನ್ನ ಪಟ್ಟಿಗೆ ಒಂದು ಕಾಳೂ ಹಾಕಿಲ್ಲ. ನೀನು ಹೇಳಿದ್ದು ಹೇಳಿದ ಹಾಗೇ ಮಾಡಿದ್ದೀನಿ."

"ಆ ಪಟ್ಟಿಗೆ?"

"ಆ ಪಟ್ಟಿಗೆ..." ಅವನು ಹಗ್ಗದ ತುದಿ ನೋಡಿದ. "ಆ ಪಟ್ಟಿಗೆ ಸ್ವಲ್ಪ ಉದುರಿಸಿದೆ."

"ಸ್ವಲ್ಪ ಅಂತೆ ಸ್ವಲ್ಪ!" ಒಳಗಿಂದ ಅತ್ತಿಗೆಯ ದನಿ ಮೊದಲು ಬಂತು, ಆಮೇಲೆ ಅತ್ತಿಗೆ ಬಂದಳು. "ಪೂರ್ತಿ ಚೀಲ ಖಾಲಿ ಮಾಡಿ ಬಂದ್ರು ನಿಮ್ಮಣ್ಣ. ಎರಡು ಪಟ್ಟೀನೂ ಒಂದೇ ಬಣ್ಣ ಬರೋವರೆಗೆ ಇವರಿಗೆ ಊಟ ಸೇರಲಿಲ್ಲ."

"ಅತ್ತಿಗೆ, ನಿಮಗಾದ್ರೂ ಗೊತ್ತಿತ್ತಲ್ಲ! ಅದು ಹಳದಿ ಇರಬೇಕು ಅಂತ ನಾನು ನಿಮ್ಮೆದುರಿಗೇ ಹೇಳಿದ್ದೆ."

"ನೀನು ಹೇಳಿ ಹೊರಟುಹೋದೆ. ದಿನಾ ಅದರ ಮುಂದೆ ಓಡಾಡೋರು ಯಾರು? ಹಾಲಿನವನು ಕೇಳ್ತಾನೆ, ಏನಮ್ಮ ಹೊಲಕ್ಕೆ ಕಾಮಾಲೆನಾ ಅಂತ. ಅವನ ಹಿಂದೆ ಸೈಕಲ್‌ನಲ್ಲಿ ಹೋಗೋ ಪ್ರತಿಯೊಬ್ಬನೂ ಕಾಮಾಲೆ, ಕಾಮಾಲೆ. ಕೊನೆಗೆ ನಮ್ಮ ಮನೇಗೇ ಕಾಮಾಲೆ ಮನೆ ಅಂತ ಹೆಸರಿಡ್ತಿದ್ರು."

"ಜನ ಅಂದ್ರೆ ಅಂದ್ಕೊಳ್ಳಲಿ," ಅಣ್ಣ ನಿಧಾನವಾಗಿ ಅಂದ. "ಅದಕ್ಕಲ್ಲ ಪುಟ್ಟಿ. ಒಂದೇ ಹೊಲ, ಒಂದೇ ದಿನ ಬಿತ್ತಿದ್ದು, ಒಂದೇ ನೀರು ಕುಡಿದಿರೋದು. ಒಂದು ಮೈಕೈ ತುಂಬ್ಕೊಂಡು ನಿಂತಿದೆ, ಇನ್ನೊಂದು ಹೊಟ್ಟೆಗಿಲ್ಲದೆ ಬಾಡ್ತಿದೆ. ಬೆಳಗಾದ್ರೆ ಎರಡರ ಮುಖಾನೂ ನಾನು ನೋಡಬೇಕು. ನನ್ನ ಕೈಲಿ ಆಗಲಿಲ್ಲ."

"ಆಗಬೇಕಿತ್ತು ಅಣ್ಣ! ಅದು ಬಾಡೋದನ್ನ ತೋರಿಸೋಕೇ ಅಲ್ವಾ ಇಷ್ಟೆಲ್ಲ ಮಾಡಿದ್ದು? ನಾಳೆ ಬೆಳಗ್ಗೆ ಕಮಿಟಿ ಬರುತ್ತೆ. ನಾನು ಏನು ತೋರಿಸಲಿ? ನಿನ್ನ ಒಳ್ಳೇತನಾನಾ?"

ಅಣ್ಣನಿಗೆ ಈಗ ತಾನೇ ಪೂರ್ತಿ ಅರ್ಥವಾಯಿತು ಅನ್ನುವುದು ಮುಖದಲ್ಲೇ ಕಾಣುತ್ತಿತ್ತು. ಬಯ್ಯಲು ಹೊರಟವಳಿಗೆ ಅದನ್ನು ಕಂಡು ಬಯ್ಯಲೂ ಆಗಲಿಲ್ಲ, ಬಯ್ಯದೆ ಇರಲೂ ಆಗಲಿಲ್ಲ. ತಂತಿಯ ಮೇಲಿನ ಚೀಲವನ್ನು ಕಿತ್ತು ನೆಲಕ್ಕೆ ಬಿಸಾಡಿದಳು.

"ಅದು ನಾಳೆ ಕಾಳು ತುಂಬೋಕೆ ತೊಳೆದಿಟ್ಟಿದ್ದು" ಎಂದು ಅತ್ತಿಗೆ ಅದನ್ನು ಎತ್ತಿ ಕೊಡವಿ ಮತ್ತೆ ತಂತಿಗೆ ಹಾಕಿದಳು.

ಬೆಳಗ್ಗೆ ಕಮಿಟಿಯವರು ಒಂದು ವ್ಯಾನಿನಲ್ಲಿ ಬಂದಿಳಿದರು. ಅಧ್ಯಕ್ಷರು ಮಂಡಿ ಹಿಡಿದುಕೊಂಡು ಕೊನೆಗೆ ಇಳಿದರು. ಮೊದಲು ಇಳಿದವನು ಅಡ್ಡಮಾತಪ್ಪ. ಅವನಿಗೂ ನಿಜವಾದ ಹೆಸರೊಂದಿತ್ತು, ಆದರೆ ಯಾವ ಸಭೆಯಲ್ಲೂ ಅವನು ಹೌದು ಅಂದ ದಾಖಲೆ ಇರಲಿಲ್ಲ. ಸೊಸೈಟಿಗೆ ಹೊಸ ಕುರ್ಚಿ ತರೋಣ ಅಂದರೂ, "ಕೂತು ಏನು ಕಡಿದು ಕಟ್ಟೆ ಹಾಕ್ತೀರಿ" ಎನ್ನುವವನು. ಮಸಿಯಕ್ಕನ ಪುಡಿಗೆ "ಹುಳದ ಪುಡಿ" ಎಂದು ಹೆಸರಿಟ್ಟವನೂ ಅವನೇ.

ಎಲ್ಲರೂ ಬದುವಿನ ಮೇಲೆ ಸಾಲಾಗಿ ನಿಂತು ನೋಡಿದರು.

"ಬೆಳೆ ಚೆನ್ನಾಗಿದೆ," ಅಧ್ಯಕ್ಷರು ಅಂದರು. "ಯಾವುದು ಯಾವುದು?"

"ಅದನ್ನೂ ಹೇಳಬೇಕಾ?" ಅಡ್ಡಮಾತಪ್ಪ ನಕ್ಕ. "ಹೇಳಿದ್ರೆ ಮಾತ್ರ ಕಾಣೋ ಫರಕು ಇದು. ನಮ್ಮ ಮಸಿಯಕ್ಕಾವ್ರ ಹುಳಗಳೂ ಕಾಣಲ್ಲ, ಅವು ಮಾಡೋ ಕೆಲಸಾನೂ ಕಾಣಲ್ಲ. ಒಳ್ಳೇ ವ್ಯಾಪಾರ."

ಮಸಿಯಕ್ಕ ಉತ್ತರ ಕೊಡುವ ಮುಂಚೆ ಅಣ್ಣ ಮುಂದೆ ಬಂದ. ಅಂಗಿಯ ಗುಂಡಿಯನ್ನೆಲ್ಲ ಹಾಕಿಕೊಂಡು, ಕೋರ್ಟಿಗೆ ಬಂದವನ ಹಾಗೆ ನಿಂತಿದ್ದ.

"ತಪ್ಪು ನಂದು. ಬಲಗಡೆ ಪಟ್ಟಿ ಹಳದಿಯಾಗಿತ್ತು. ನೋಡಕ್ಕಾಗದೆ ನಾನೇ ಯೂರಿಯಾ ಹಾಕಿದೆ. ನನ್ನ ತಂಗೀಗೂ ನಿನ್ನೇವರೆಗೆ ಗೊತ್ತಿರಲಿಲ್ಲ."

ಅಡ್ಡಮಾತಪ್ಪ ಅಣ್ಣನ ಬೆನ್ನು ತಟ್ಟಿದ.

"ಅಣ್ಣ ಅಂದ್ರೆ ಹೀಗಿರಬೇಕು. ತಂಗಿ ಮುಖ ಉಳಿಸೋಕೆ ತನ್ನ ತಲೆ ಮೇಲೆ ಹಾಕ್ಕೊಂಡ ನೋಡಿ."

"ನಾನು ಸುಳ್ಳು ಹೇಳಲ್ಲ!"

"ನೀನು ಹೇಳಲ್ಲಪ್ಪ, ಗೊತ್ತು. ಆದ್ರೆ ಯಾವ ಅಣ್ಣ ಹೇಳಲ್ಲ, ಹೇಳು?"

ಕೆಲವರು ನಕ್ಕರು. ನೀರಿನ ಜಗಳದಲ್ಲಿ ಅವನ ಮಾತನ್ನು ವೇದವಾಕ್ಯವೆಂದು ಒಪ್ಪುತ್ತಿದ್ದವರೇ ಈಗ ಅವನನ್ನು ಕನಿಕರದಿಂದ ನೋಡುತ್ತಿದ್ದರು. ಅಣ್ಣನ ಕಿವಿ ಕೆಂಪಾಯಿತು.

ಇನ್ನು ಉಳಿದಿರುವುದು ಬೇರು ಮಾತ್ರ. ಮಸಿಯಕ್ಕ ಎರಡೂ ಕಡೆಯ ಗಿಡಗಳನ್ನು ಎತ್ತಿ, ತೊಳೆದು, ಅಧ್ಯಕ್ಷರ ಮುಂದೆ ಹಿಡಿದಳು. "ಮೇಲೆ ನೋಡಬೇಡಿ, ಕೆಳಗೆ ನೋಡಿ. ಇದು ಪುಡಿ ಹಚ್ಚಿದ್ದು, ಗಂಟು ನೋಡಿ. ಇದು ಹಚ್ಚದ್ದು, ಬೋಳು ಬೇರು."

ಅಧ್ಯಕ್ಷರು ಕನ್ನಡಕ ಏರಿಸಿ ಬಗ್ಗಿದರು. ಬಗ್ಗಿದವರು ಒಂದು ಹೆಜ್ಜೆ ಹಿಂದೆ ಸರಿದರು.

"ಇದು ಗಂಟುಬೇರು ರೋಗ ಅಲ್ವಾ ಮಸಿಯಕ್ಕ?"

"ಅಯ್ಯೋ ಹೌದು!" ಅಡ್ಡಮಾತಪ್ಪನ ದನಿ ಈ ಸಲ ತಮಾಷೆಯದಾಗಿರಲಿಲ್ಲ. "ನನ್ನ ಟೊಮೇಟೊ ತೋಟ ಪೂರ್ತಿ ಹೋಗಿದ್ದು ಇದರಿಂದಲೇ! ಕಿತ್ತು ನೋಡಿದ್ರೆ ಬೇರಲ್ಲಿ ಹೀಗೇ ಗಂಟು ಗಂಟು. ಇದನ್ನ ಪ್ಯಾಕೆಟ್ ಮಾಡಿ ಹಂಚ್ತೀರಾ?"

ಮಸಿಯಕ್ಕನಿಗೆ ಅಲ್ಲೇ ಕೂತು ಅತ್ತುಬಿಡೋಣ ಅನ್ನಿಸಿತು. ತೋರಿಸಲು ಇದ್ದ ಕೊನೆಯ ವಸ್ತುವೂ ಇವರ ಕಣ್ಣಿಗೆ ರೋಗವಾಗಿ ಕಂಡಿತ್ತು. ಆದರೂ ಹಲ್ಲು ಕಚ್ಚಿ ವಿವರಿಸಿದಳು. ರೋಗದ ಗಂಟಾದರೆ ಬೇರು ತಾನೇ ಊದಿಕೊಂಡಿರುತ್ತದೆ, ಕೀಳಲು ಬರುವುದಿಲ್ಲ; ಇದು ಬೇರಿನ ಪಕ್ಕಕ್ಕೆ ಅಂಟಿಕೊಂಡಿರುತ್ತದೆ, ಬೆರಳಲ್ಲಿ ತೀಡಿದರೆ ಉದುರುತ್ತದೆ. ಉದುರಿಸಿ ತೋರಿಸಿದಳು. ಸೀಳಿ ಒಳಗಿನ ಕೆಂಪು ತೋರಿಸಿದಳು. ಅಧ್ಯಕ್ಷರು ತಾವೂ ಒಂದನ್ನು ಸೀಳಿ, ಬೆರಳು ಮೂಸಿ, ತಲೆದೂಗಿದರು.

"ನೀನು ಹೇಳೋದು ಸರಿ ಇರಬಹುದು ಮಸಿಯಕ್ಕ. ನಾನು ನಂಬ್ತೀನಿ ಅಂತಲೇ ಇಟ್ಕೋ. ಆದ್ರೆ ಸಭೆಯಲ್ಲಿ ಎದ್ದು ನಿಂತು ಏನು ಹೇಳಲಿ? ಎರಡೂ ಪಟ್ಟಿ ಒಂದೇ ಥರ ಇದ್ವು, ಆದ್ರೂ ಎಲ್ಲರೂ ತಗೊಳ್ಳಿ ಅಂತಲಾ? ನಮ್ಮೋರು ರಸ್ತೇಲಿ ನಿಂತು ನೋಡೋರು. ಬೇರು ಕಿತ್ತು ನೋಡೋರಲ್ಲ."

ಅವರು ವ್ಯಾನಿನ ಕಡೆ ತಿರುಗಿದರು. ಅಷ್ಟರಲ್ಲಿ ಮಸಿಯಕ್ಕನ ಕಣ್ಣು ರಸ್ತೆಯ ಆಚೆಗೆ ಹೋಯಿತು. ಅಲ್ಲೊಂದು ಖಾಲಿ ಹೊಲ. ಬಡಕಲು ನೆಲ, ಪಕ್ಕದಲ್ಲೇ ಪಂಪು.

"ಆ ಹೊಲ ಯಾರದ್ದು?"

"ನಂದು. ಯಾಕೆ?" ಅಡ್ಡಮಾತಪ್ಪ ಹುಬ್ಬೇರಿಸಿದ.

"ನನಗೆ ಕೊಡಿ. ಈಗಲೇ ಬಿತ್ತೋಣ. ನೀರು ಹೇಗೂ ಇದೆ. ಮುಂದಿನ ಬಿತ್ತನೆ ಹೊತ್ತಿಗೆ ಇನ್ನೊಂದು ಸಲ ನೋಡಬಹುದು."

"ಇಷ್ಟು ಜನ ಇರೋವಾಗ ನನ್ನ ಹೊಲಾನೇ ಯಾಕೆ?"

"ನಿಮಗೆ ನನ್ನ ಮೇಲೆ ಕನಿಕರ ಇಲ್ಲ. ಗಿಡದ ಮೇಲಂತೂ ಇಲ್ಲವೇ ಇಲ್ಲ. ನನಗೆ ಬೇಕಾಗಿರೋದು ಅಂಥ ಮನುಷ್ಯ."

ಈ ಸಲ ನಗು ಅಡ್ಡಮಾತಪ್ಪನ ಕಡೆ ತಿರುಗಿತು. ಅಧ್ಯಕ್ಷರೂ ನಕ್ಕು ಮಂಡಿ ಹಿಡಿದುಕೊಂಡರು. ಆಗಲ್ಲ ಅಂದರೆ ಹೆದರಿದ ಹಾಗೆ, ಆಗಲಿ ಅಂದರೆ ಜೀವಮಾನದಲ್ಲಿ ಮೊದಲ ಸಲ ಒಪ್ಪಿದ ಹಾಗೆ. ಅವನು ತುಸು ಹೊತ್ತು ಮೀಸೆ ತಿರುವಿದ.

"ಬಿತ್ತೋದು ನಾನೇ. ಯಾವ ಕಡೆಗೆ ಯಾವುದು ಅಂತ ಹೇಳೋದೂ ನಾನೇ. ಅಧ್ಯಕ್ಷರು ಬರೋವರೆಗೆ ನೀನು, ನಿನ್ನಣ್ಣ ಇಬ್ಬರೂ ಬದು ದಾಟಬಾರದು."

"ಆಯ್ತು. ಹಳದಿಯಾದ್ರೆ ಮುಟ್ಟಬಾರದು, ಅದೊಂದೇ ನಂದು."

"ನಾನಾ? ನನ್ನ ಗಿಡ ಸತ್ರೂ ನಾನು ತಿರುಗಿ ನೋಡಲ್ಲ."

ಎಲ್ಲರೂ ಹೋದ ಮೇಲೆ ಅಣ್ಣ ಬದುವಿನ ಮೇಲೇ ನಿಂತಿದ್ದ. "ನನ್ನ ಹೊಲ ಬೇಡವಾಯ್ತಾ ಪುಟ್ಟಿ?"

"ನಿನ್ನ ಹೊಲ ಬೇಕು ಅಣ್ಣ. ನೀನು ಬೇಡ" ಎಂದುಬಿಟ್ಟಳು. ಅಂದಮೇಲೆ ನಾಲಿಗೆ ಕಚ್ಚಿಕೊಂಡಳು. ಆದರೆ ಸೈಕಲ್ ಹತ್ತಿ ಹೊರಟೇಬಿಟ್ಟಿದ್ದಳು.

ಆಮೇಲಿನ ದಿನಗಳಲ್ಲಿ ಅವಳು ಬೇಕರಿಯ ಕೋಣೆಯಲ್ಲೇ ಉಳಿದಳು. ಟೈರಿನ ಪಕ್ಕಕ್ಕೆ ಇನ್ನೊಂದು ಟೈರು ಬಂದು ಸೇರಿತು. ಒಮ್ಮೆ ಕರೆಂಟು ಹೋಗಿ ತೂಗುವ ಯಂತ್ರ ನಿಂತು, ಬಾಟಲಿಗಳೆಲ್ಲ ಹಾಳಾದವು. ಸಾರನ್ನು ಮತ್ತೆ ಮೊದಲಿಂದ ಬೇಯಿಸಿದಳು. ಬೀಜದಂಗಡಿಯವನಿಗೆ ಬಯ್ದು ಪ್ಯಾಕೆಟ್ಟುಗಳನ್ನು ಕಿಟಕಿಯಿಂದ ತೆಗೆಸಿದರೆ, ಅವನು ಅವನ್ನು ಫ್ರಿಜ್ಜಿನ ಒಳಗಲ್ಲ, ಫ್ರಿಜ್ಜಿನ ಮೇಲೆ ಇಟ್ಟ. ಅಣ್ಣನ ಕಡೆಯಿಂದ ಮಾತಿಲ್ಲ, ಕತೆಯಿಲ್ಲ. ಅವನು ಈಗ ಪೇಟೆಗೆ ಬರುವಾಗ ರಸ್ತೆ ಬಿಟ್ಟು ಕಾಲುವೆಯ ದಾರಿಯಲ್ಲಿ ಸುತ್ತಿ ಬರುತ್ತಾನೆಂದು ಗಂಡ ಹೇಳಿದ.

"ಯಾಕಂತೆ?"

"ರಸ್ತೇಲಿ ಬಂದ್ರೆ ಅಡ್ಡಮಾತಪ್ಪನ ಹೊಲ ಕಾಣುತ್ತಂತೆ. ಅರ್ಧ ಹಳದಿ ತಿರುಗಿದೆಯಂತೆ. ನೋಡಿ ಸುಮ್ಮನೆ ದಾಟಿ ಬರೋಕಾಗಲ್ಲ ಅಂತ ಹೇಳ್ದ."

ಅವಳು ತಕ್ಷಣ ಅಧ್ಯಕ್ಷರಿಗೆ ಫೋನ್ ಮಾಡಿದಳು. ಅವರು, "ಶನಿವಾರ ನೋಡೋಣ ಮಸಿಯಕ್ಕ" ಎಂದರು. ಅವಳು ಮೇಜು ಉಜ್ಜಿದಳು.

ಶನಿವಾರಕ್ಕೆ ಮುಂಚೆಯೇ ಒಂದು ಮಧ್ಯಾಹ್ನ ಅಡ್ಡಮಾತಪ್ಪನ ಫೋನ್ ಬಂತು. ಹಲೋ ಇಲ್ಲ, ಗಿಲೋ ಇಲ್ಲ.

"ಏನು ಮಾಡಿಟ್ಟಿದ್ದೀಯ ನನ್ನ ಹೊಲಕ್ಕೆ? ಈ ಕಡೆ ಪಟ್ಟಿ ಕಾಡು ಬೆಳೆದ ಹಾಗಿದೆ, ಆ ಕಡೆ ಗಿಡ ಸಾಯೋಕೆ ಬಿದ್ದಿದೆ! ಹೋಗೋ ಬರೋರೆಲ್ಲ ಮಾತಾಡಿಸ್ತಿದ್ದಾರೆ. ನನ್ನ ಮೊಮ್ಮಗಳು ಕೇಳ್ತಾಳೆ, ತಾತ ಅದಕ್ಕೆ ಯಾಕೆ ಊಟ ಹಾಕಿಲ್ಲ ಅಂತ."

"ಮುಟ್ಟಬೇಡಿ ಯಜಮಾನರೇ! ಮಾತು ಕೊಟ್ಟಿದ್ದೀರಿ."

"ಮಾತು ಕೊಟ್ಟಾಗ ಇದರ ಮುಖ ನೋಡಿರಲಿಲ್ಲ ನಾನು. ಒಂದು ಹಿಡಿ ಉದುರಿಸ್ತೀನಿ, ಒಂದೇ ಹಿಡಿ. ಚೀಲ ಆಗಲೇ ಹೊಲಕ್ಕೆ ತಂದಿದ್ದೀನಿ."

ಫೋನ್ ಕಟ್ಟಾಯಿತು. ಮತ್ತೆ ಮಾಡಿದರೆ ಎತ್ತಲಿಲ್ಲ. ಮಸಿಯಕ್ಕ ಅಣ್ಣನಿಗೆ ಫೋನ್ ಮಾಡಿದಳು. ಅಣ್ಣ ಎತ್ತಿದ. "ಅಣ್ಣ, ಅವನೂ ಯೂರಿಯಾ ಹಾಕ್ತಾನೆ" ಎಂದಷ್ಟೇ ಹೇಳಿದಳು. ಆ ಕಡೆಯಿಂದ "ಹೂಂ" ಎಂದು ಫೋನ್ ಇಟ್ಟ ಸದ್ದು.

ಆಮೇಲೆ ಸೊಸೈಟಿಗೆ ಸೈಕಲ್ ಓಡಿಸಿದಳು. ಅಧ್ಯಕ್ಷರು ಹೊಸ ಕುರ್ಚಿಯ ಮೇಲೆ ಕಾಲು ಚಾಚಿ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು.

"ಶನಿವಾರ ಅಂತ ಹೇಳಿದ್ನಲ್ಲ ಮಸಿಯಕ್ಕ..."

"ಶನಿವಾರ ಅಲ್ಲಿ ಏನೂ ಇರಲ್ಲ! ನಿಮ್ಮ ಮಂಡಿ ನಿಮ್ಮ ಜೊತೇಲೇ ಇರುತ್ತೆ, ಆ ಹಳದಿ ಇರಲ್ಲ. ಈಗ ಏಳ್ತೀರೋ, ನಾನೇ ಈ ಕುರ್ಚಿ ಸಮೇತ ಎತ್ತಿಸ್ಲೋ?"

ಇಷ್ಟು ದಿನ ಗೋಗರೆದದ್ದಕ್ಕೆ ಆಗದ ಕೆಲಸ ಆ ಒಂದು ಕೂಗಿಗೆ ಆಯಿತು. ಅಧ್ಯಕ್ಷರು ಎದ್ದರು. ಆಫೀಸಿನಲ್ಲಿದ್ದ ಕಮಿಟಿಯವರೂ ಎದ್ದರು.

ವ್ಯಾನು ತಿರುವು ದಾಟಿದಾಗಲೇ ಕಂಡಿತು. ರಸ್ತೆಯ ಪಕ್ಕದಲ್ಲಿ, ಅಡ್ಡಮಾತಪ್ಪನ ಬಡಕಲು ನೆಲದಲ್ಲಿ, ಒಂದು ಪಟ್ಟಿ ಕಡುಹಸಿರು, ಪಕ್ಕದ ಪಟ್ಟಿ ಅಚ್ಚ ಹಳದಿ. ನಡುವೆ ಗೆರೆ ಎಳೆದ ಹಾಗೆ. ಯಾರೂ ಯಾವುದು ಯಾವುದು ಎಂದು ಕೇಳಲಿಲ್ಲ. ವ್ಯಾನಿನೊಳಗೆ ಒಬ್ಬ, "ಅಬ್ಬಾ" ಅಂದ, ಅಷ್ಟೇ.

ಬದುವಿನ ಈಚೆ, ರಸ್ತೆಯ ಅಂಚಿನಲ್ಲಿ, ಕಟ್ಟು ಬಿಚ್ಚದ ಯೂರಿಯಾ ಚೀಲ. ಅದರ ಮೇಲೆ ಅಣ್ಣ ಕೂತಿದ್ದ. ಹೊಲದ ಕಡೆಗೆ ಬೆನ್ನು, ರಸ್ತೆಯ ಕಡೆಗೆ ಮುಖ. ಎರಡೂ ಕೈಯಿಂದ ಚೀಲದ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ. ಅಡ್ಡಮಾತಪ್ಪ ಅವನ ಸುತ್ತ ಬೆವರುತ್ತ ಓಡಾಡುತ್ತಿದ್ದ.

"ಏಳಯ್ಯ ಮಹರಾಯ! ನನ್ನ ಚೀಲ, ನನ್ನ ಹೊಲ. ಬೇಕಾದ್ರೆ ತಿರುಗಿ ನೋಡು ಒಂದು ಸಲ, ಹೇಗೆ ಬಾಡಿದೆ ಅಂತ. ನಿನಗಾದ್ರೂ ಕರುಳು ಚುರ್ ಅನ್ನಲ್ವಾ?"

"ಅನ್ನುತ್ತೆ," ಅಣ್ಣ ರಸ್ತೆಯನ್ನೇ ನೋಡುತ್ತ ಅಂದ. "ಅದಕ್ಕೇ ತಿರುಗಿಲ್ಲ."

ಅಧ್ಯಕ್ಷರು ಯಾರ ಸಹಾಯವೂ ಇಲ್ಲದೆ ವ್ಯಾನಿನಿಂದ ಇಳಿದು ಹೊಲದ ಉದ್ದಕ್ಕೂ ನಡೆದರು. ಹಿಂದೆ ಕಮಿಟಿ. ಸೈಕಲ್ಲಿನಲ್ಲಿ ಹೋಗುತ್ತಿದ್ದವರೂ ಇಳಿದು ನಿಂತರು. ಅಧ್ಯಕ್ಷರು ತಿರುಗಿ ಬಂದು, "ಮಸಿಯಕ್ಕ, ಎಲ್ಲರಿಗೂ ಸಾಕಾಗೋಷ್ಟು ಪುಡಿ ಬಿತ್ತನೆಗೆ ಮುಂಚೆ ಮಾಡಿಕೊಡೋಕಾಗುತ್ತಾ?" ಎಂದು ಕೇಳಿದರು.

"ಆಗುತ್ತೆ" ಅಂದಳು. ಅಂದಮೇಲೆ ಆ ಎರಡು ಕೋಣೆ, ಒಂದು ಹಬೆಪಾತ್ರೆ, ಹೋಗಿ ಬರುವ ಕರೆಂಟು, ಫ್ರಿಜ್ಜಿನ ಮೇಲೆ ಪ್ಯಾಕೆಟ್ ಇಡುವ ಅಂಗಡಿಯವನು, ಎಲ್ಲ ನೆನಪಾಗಿ ತಲೆ ಬಿಸಿಯಾಯಿತು. ಬಾಗಿಲಿನ ಟೈರುಗಳನ್ನು ಮೊದಲು ಎತ್ತಿಸಬೇಕು.

"ಎಲ್ಲರೂ ನೋಡಿ ಆಯ್ತಾ?" ಅಡ್ಡಮಾತಪ್ಪ ಕೇಳಿದ. ದನಿ ಬಿದ್ದುಹೋಗಿತ್ತು.

"ಆಯ್ತು" ಎಂದರು ಅಧ್ಯಕ್ಷರು.

"ಪುಟ್ಟಿ, ನೀನು ಹೇಳು," ಅಣ್ಣ ಅಂದ. "ಆಯ್ತಾ?"

"ಆಯ್ತು ಅಣ್ಣ. ಏಳು."

ಅಣ್ಣ ಎದ್ದ. ಆಗ ಮೊದಲ ಸಲ ಹಿಂದಿರುಗಿ ಆ ಹಳದಿ ಪಟ್ಟಿಯನ್ನು ನೋಡಿದ. ಬಗ್ಗಿ ಚೀಲದ ಒಂದು ತುದಿ ಹಿಡಿದ. ಅಡ್ಡಮಾತಪ್ಪ ಇನ್ನೊಂದು ತುದಿ ಹಿಡಿದ. ಇಬ್ಬರೂ ಬದು ದಾಟಿ ಬೇಗಬೇಗ ಹೊಲಕ್ಕಿಳಿದರು.